ಕೇಕೆ, ಸೀಟಿ ಮತ್ತು ಮುಂದಿನ ಹೆಸರು

ಪದವಿ ಪ್ರದಾನ ಸಮಾರಂಭದಲ್ಲಿ ವೇದಿಕೆ ಏರುವವರಿಗೆ ನಿಯಮಗಳಿರುವಂತೆ ಕೆಳಗೆ ಕುಳಿತವರಿಗೂ ಇರುತ್ತವೆ. ಆಮಂತ್ರಣ ಪತ್ರಿಕೆಯ ಕೊನೆಯ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ‘ಸೂಚನೆ’ ಎಂಬ ತಲೆಬರಹದಡಿ ಅವು ಬರುತ್ತವೆ: ಅರ್ಧ ಗಂಟೆ ಮೊದಲೇ ಆಸನದಲ್ಲಿರಬೇಕು, ಮೊಬೈಲ್ ಬಂದ್ ಇಡಬೇಕು, ಚಿಕ್ಕ ಮಕ್ಕಳನ್ನು ಕರೆತರಬಾರದು, ಮುಗಿಯುವ ತನಕ ಯಾರೂ ಏಳಬಾರದು, ಒಬ್ಬ ವಿದ್ಯಾರ್ಥಿಗೆ ಇಬ್ಬರೇ ಪಾಲಕರು. ಕೆಲವು ಕಡೆ ಇನ್ನೂ ಒಂದು ಸಾಲು ಸೇರಿರುತ್ತದೆ: ಹೆಸರು ಕೂಗಿದಾಗ ಸೀಟಿ, ಕೇಕೆ, ಘೋಷಣೆ ಕೂಡದು, ಚಪ್ಪಾಳೆ ಕೊನೆಗೆ ಒಮ್ಮೆ ಮಾತ್ರ. ಇವುಗಳಲ್ಲಿ ಯಾವುದು ನ್ಯಾಯ, ಯಾವುದು ಬರೀ ಅಧಿಕಾರದ ಚಟ, ಮುರಿದರೆ ಹೊಣೆ ಯಾರ ತಲೆಗೆ ಎಂಬುದು ಬೀದರಿನಂಥ ಜಿಲ್ಲೆಯಲ್ಲಿ ಸಣ್ಣ ಪ್ರಶ್ನೆಯಲ್ಲ. ಭಾಲ್ಕಿ, ಔರಾದ್ ಕಡೆಯ ಎಷ್ಟೋ ಮನೆಗಳಿಗೆ ಮೊದಲ ಪದವಿ ಈಗಷ್ಟೇ ಬರುತ್ತಿದೆ. ಅದನ್ನು ಕಣ್ಣಾರೆ ನೋಡಲು ಹೊರಡುವವರು ಇಬ್ಬರಲ್ಲ, ಒಂದು ಕ್ರೂಸರ್ ತುಂಬ ಜನ: ಮುತ್ಯಾ, ಆಯಿ, ಕಾಕಾ, ಮಾಮಾ, ಜೊತೆಗೆ ಹಾಲು ಕುಡಿಯುವ ಕೂಸು.

ಸಮಾರಂಭಗಳೆಲ್ಲ ಒಂದೇ ಬಗೆಯವಲ್ಲ. ವಿಶ್ವವಿದ್ಯಾಲಯದ ಘಟಿಕೋತ್ಸವ ಕಾಯ್ದೆಯ ಪ್ರಕಾರ ನಡೆಯುವ ಸಭೆ. ಕುಲಾಧಿಪತಿಯಾದ ರಾಜ್ಯಪಾಲರು ಅಧ್ಯಕ್ಷತೆ ವಹಿಸುತ್ತಾರೆ, ಕುಲಸಚಿವರ ಹಿಂದೆ ಮೆರವಣಿಗೆ ಬರುತ್ತದೆ, ಸಭೆ ಎದ್ದು ನಿಲ್ಲುತ್ತದೆ. ಬಹುತೇಕ ವಿದ್ಯಾರ್ಥಿಗಳಿಗೆ ಪದವಿ ಸಾಮೂಹಿಕವಾಗಿ ಸಲ್ಲುತ್ತದೆ. ಹೆಸರು ಹಿಡಿದು ಕರೆಯುವುದು ಪಿಎಚ್‌.ಡಿ ಪಡೆದವರನ್ನು ಮತ್ತು ಚಿನ್ನದ ಪದಕದವರನ್ನು. ಬೀದರಿನ ನಂದಿನಗರದಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ 2004ರ ಕಾಯ್ದೆಯಿಂದ ಹುಟ್ಟಿದ್ದು. ಅದರ ಕಾಲೇಜುಗಳು ಹೆಬ್ಬಾಳ, ಹಾಸನ, ಶಿವಮೊಗ್ಗ, ಮಂಗಳೂರಿನವರೆಗೆ ಹರಡಿವೆ. ಮೀನುಗಾರಿಕೆ ಪದವಿ ಪಡೆದ ಕರಾವಳಿಯ ಹುಡುಗಿಯ ತಂದೆತಾಯಿ ರಾಜ್ಯದ ಆ ತುದಿಯಿಂದ ಈ ತುದಿಗೆ ಬರಬೇಕು. ಬೆಂಗಳೂರಿನಿಂದಲೇ ಬೀದರಿಗೆ ಸುಮಾರು 700 ಕಿ.ಮೀ. ಇಷ್ಟು ದೂರ ಬಂದವರಿಗೆ ಬಾಗಿಲಲ್ಲಿ ‘ಪಾಸ್ ಎರಡೇ’ ಎನ್ನುವುದು ಕಾಗದದಲ್ಲಿ ಸಣ್ಣ ನಿಯಮ, ಬಾಗಿಲಲ್ಲಿ ದೊಡ್ಡದು.

ಎರಡನೆಯ ಬಗೆ ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳ ಬೀಳ್ಕೊಡುಗೆ. ಈ ಕಡೆ ಅದನ್ನು ‘ಸೆಂಡ್‌ಆಫ್’ ಎನ್ನುತ್ತಾರೆ. ವರ್ಷಾಂತ್ಯದ ಸ್ನೇಹ ಸಮ್ಮೇಳನಕ್ಕೆ ‘ಗ್ಯಾದರಿಂಗ್’ ಎಂಬ ಹೆಸರು. ಮೂರನೆಯದು ಕಳೆದ ಕೆಲವು ವರ್ಷಗಳಲ್ಲಿ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಬೆಳೆದ ‘ಗ್ರ್ಯಾಜುಯೇಷನ್ ಡೇ’. ಆರು ವರ್ಷದ ಯುಕೆಜಿ ಮಗುವಿಗೆ ಬಾಡಿಗೆಯ ಕಪ್ಪು ನಿಲುವಂಗಿ, ತಲೆಯ ಮೇಲೆ ಜಾರುವ ಚೌಕ ಟೋಪಿ, ಕೈಯಲ್ಲಿ ರಿಬ್ಬನ್ ಕಟ್ಟಿದ ಸುರುಳಿ. ಟೋಪಿಯ ಕುಚ್ಚು ಕಣ್ಣಿಗೆ ಬಿದ್ದು ಮಗು ವೇದಿಕೆಯ ನಡುವೆ ನಿಂತುಬಿಡುತ್ತದೆ, ಅಮ್ಮಂದಿರೆಲ್ಲ ಮೊಬೈಲ್ ಎತ್ತಿ ಮುಂದಿನ ಸಾಲಿಗೆ ನುಗ್ಗುತ್ತಾರೆ, ಟೀಚರ್ ಮೈಕಿನಲ್ಲಿ ‘ದಯವಿಟ್ಟು ಕುಳಿತುಕೊಳ್ಳಿ’ ಎಂದು ನಾಲ್ಕನೆಯ ಸಲ ಹೇಳುತ್ತಾರೆ. ಸಭಿಕರ ನಿಯಮ ಹೆಚ್ಚು ಬೇಕಾಗುವುದೂ ಹೆಚ್ಚು ಮುರಿಯುವುದೂ ಈ ಮೂರನೆಯ ಬಗೆಯಲ್ಲೇ, ಏಕೆಂದರೆ ಇಲ್ಲಿ ಪ್ರತಿ ಮಗುವಿನ ಹೆಸರೂ ಕೂಗಲ್ಪಡುತ್ತದೆ.

ಘಟಿಕೋತ್ಸವ ಎಂಬ ಮಾತಿನೊಳಗೆ ಹಳೆಯ ‘ಘಟಿಕೆ’ ಇದೆ. ತಾಳಗುಂದದ ಸ್ತಂಭ ಶಾಸನದ ಪ್ರಕಾರ ಕದಂಬ ಮಯೂರಶರ್ಮ ಓದಲು ಹೋದದ್ದು ಕಂಚಿಯ ಘಟಿಕೆಗೆ. ಪಲ್ಲವರ ಕುದುರೆ ಸವಾರನೊಡನೆ ಆದ ಜಗಳ ಅವನ ಓದನ್ನು ಮುಗಿಸಿ ರಾಜ್ಯವನ್ನು ಆರಂಭಿಸಿತು. ಬೀದರಿನ ನೆರೆಯ ಜಿಲ್ಲೆಯಲ್ಲೇ, ಚಿತ್ತಾಪುರದ ಬಳಿಯ ನಾಗಾವಿಯಲ್ಲಿ, 11ನೇ ಶತಮಾನದ ಘಟಿಕಾಸ್ಥಾನವೊಂದಿತ್ತು. ಅಲ್ಲಿನ ಶಾಸನ ವಿದ್ಯಾರ್ಥಿಗಳನ್ನಷ್ಟೇ ಅಲ್ಲ, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆದರೆ ಇಂದಿನ ಘಟಿಕೋತ್ಸವದ ಕ್ರಮಕ್ಕೂ ಆ ಘಟಿಕೆಗಳಿಗೂ ನಂಟು ಹೆಸರಿನಲ್ಲಿ ಮಾತ್ರ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ತೆರೆದಾಗ ಇಂಗ್ಲೆಂಡಿನ ನಿಲುವಂಗಿ, ಮೆರವಣಿಗೆ, ದಂಡ ಎಲ್ಲವೂ ಒಟ್ಟಿಗೆ ಬಂದವು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯ ಅದೇ ಮಾದರಿ ಹಿಡಿಯಿತು. ಬೀದರ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಉರ್ದುವನ್ನು ಬೋಧನಾ ಮಾಧ್ಯಮವಾಗಿ ಆರಿಸಿಕೊಂಡಿತಾದರೂ ವಿಶ್ವವಿದ್ಯಾಲಯದ ಚೌಕಟ್ಟು ಅದೇ ಆಗಿತ್ತು.

ನಿಲುವಂಗಿಯ ಮೇಲೆ ಆಮೇಲೆ ಸಾಕಷ್ಟು ಜಗಳ ನಡೆದಿದೆ. 2010ರಲ್ಲಿ ಅಂದಿನ ಕೇಂದ್ರ ಸಚಿವ ಜೈರಾಮ್ ರಮೇಶ್ ಭೋಪಾಲದ ಘಟಿಕೋತ್ಸವದ ವೇದಿಕೆಯಲ್ಲೇ ಅದನ್ನು ಕಳಚಿಟ್ಟರು. 2019ರಲ್ಲಿ ಯುಜಿಸಿ ಕೈಮಗ್ಗದ ಉಡುಪು ತೊಡಲು ವಿಶ್ವವಿದ್ಯಾಲಯಗಳಿಗೆ ಪತ್ರ ಬರೆಯಿತು. 2024ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ತನ್ನ ವೈದ್ಯಕೀಯ ಸಂಸ್ಥೆಗಳಿಗೆ ಕಪ್ಪು ನಿಲುವಂಗಿ ಬಿಟ್ಟು ಆಯಾ ರಾಜ್ಯದ ಉಡುಪು ಹಾಕಿಕೊಳ್ಳಲು ಸೂಚಿಸಿತು. ಸೋಜಿಗವೆಂದರೆ, ನಿಲುವಂಗಿಯೊಡನೆ ಅದೇ ಹಡಗಿನಲ್ಲಿ ಬಂದ ಇನ್ನೊಂದು ಸರಕನ್ನು ಯಾರೂ ಪ್ರಶ್ನಿಸಲಿಲ್ಲ. ಅದು ಸಭಿಕರ ಮೌನ.

ಈ ನೆಲದಲ್ಲಿ ಮರ್ಯಾದೆಗೆ ಮೌನ ಒಂದೇ ರೂಪವಲ್ಲ. ಬೀದರಿನ ಮುಶಾಯಿರಾದಲ್ಲಿ ಶೇರ್ ಮುಗಿದ ಕೂಡಲೇ ‘ವಾಹ್’ ಬೀಳದಿದ್ದರೆ ಅದು ಕವಿಗೆ ಅವಮಾನ. ‘ದಾದ್’ ಕೊಡುವುದು ಕೇಳುಗನ ಕರ್ತವ್ಯ, ‘ಮುಕರ್ರರ್’ ಎಂದು ಮತ್ತೊಮ್ಮೆ ಕೇಳುವುದು ಅವನ ಹಕ್ಕು. ಮಠದ ಸಭೆಯಲ್ಲಿ ಹೆಸರಿನ ಹಿಂದೆಯೇ ಜೈಕಾರ ಬರುತ್ತದೆ. ಕುಸ್ತಿ ಕಣದಲ್ಲಿ ಗೆದ್ದವನಿಗೆ ಕೇಕೆ, ಹಲಗಿ. ಗುರುನಾನಕ ಝಿರಾದ ಗುರುದ್ವಾರದಲ್ಲಿ ಒಬ್ಬರು ಕೂಗಿದ ಜೈಕಾರಕ್ಕೆ ಇಡೀ ಸಭೆ ಓಗೊಡುತ್ತದೆ. ಪದವಿ ಸಮಾರಂಭವನ್ನೇ ತೆಗೆದುಕೊಂಡರೂ, ಮಹಮೂದ್ ಗವಾನ್ 1472ರಲ್ಲಿ ಮದರಸ ಕಟ್ಟಿಸಿದ ಊರಿದು. ಮದರಸಗಳಲ್ಲಿ ಓದು ಮುಗಿಸಿದವರಿಗೆ ಪೇಟ ಸುತ್ತುವ ‘ದಸ್ತಾರ್‌ಬಂದಿ’ ಇಂದಿಗೂ ನಡೆಯುವ ಸಂಪ್ರದಾಯ. ಅಲ್ಲಿ ‘ಮಾಶಾಅಲ್ಲಾ’, ‘ಸುಭಾನಲ್ಲಾ’ ಎಂಬ ಉದ್ಗಾರಗಳು ಸಮಾರಂಭದ ಒಳಗಿನ ಮಾತೇ ಹೊರತು ಗದ್ದಲವಲ್ಲ. ಹೀಗಿರುವಾಗ ಮಗನ ಹೆಸರು ಮೈಕಿನಲ್ಲಿ ಬಂದಾಗ ಔರಾದ್ ಕಡೆಯ ಕಾಕಾ ಒಬ್ಬ ಕೇಕೆ ಹಾಕಿದರೆ ಅವನು ಸಭ್ಯತೆ ಕಲಿಯದವನಲ್ಲ, ತಾನು ಕಲಿತ ಸಭ್ಯತೆಯನ್ನು ಪಾಲಿಸುತ್ತಿರುವವನು.

ಇಷ್ಟು ಹೇಳಿದ ಮೇಲೂ ನಿಯಮ ಬೇಡ ಎನ್ನಲಾಗದು. ನಿಯಮದ ಪರವಾದ ಗಟ್ಟಿ ಕಾರಣ ಒಂದೇ, ಅದು ಮುಂದಿನ ಹೆಸರು. ಮೊದಲ ಹುಡುಗನ ಕಡೆಯವರು ನಲವತ್ತು ಜನ. ಅವರ ಸೀಟಿ ಇನ್ನೂ ಆರುವ ಮೊದಲೇ ನಿರೂಪಕಿ ಎರಡನೆಯ ಹೆಸರು ಓದುತ್ತಾಳೆ. ಆ ಎರಡನೆಯ ಹುಡುಗಿಯ ಕಡೆಯಿಂದ ಬಂದವಳು ತಾಯಿ ಒಬ್ಬಳೇ, ಕೂಲಿ ಬಿಟ್ಟು ಬಂದವಳು, ಹಿಂದಿನ ಸಾಲಿನಲ್ಲಿ ಕುಳಿತವಳು. ಮಗಳ ಹೆಸರು ಅವಳಿಗೆ ಕೇಳಿಸುವುದೇ ಇಲ್ಲ. ಮಗಳು ವೇದಿಕೆಯಿಂದ ಇಳಿಯುವುದು ಕಂಡಾಗಷ್ಟೇ ತಿಳಿಯುತ್ತದೆ. ಕೇಕೆಯ ಸ್ವಾತಂತ್ರ್ಯ ಯಾರ ಖರ್ಚಿನಲ್ಲಿ ನಡೆಯುತ್ತದೆ ಎಂಬುದು ಇಲ್ಲಿ ಕಾಣುತ್ತದೆ: ಬಳಗ ದೊಡ್ಡದಿದ್ದವರ ಸಂತೋಷ ಬಳಗವಿಲ್ಲದವರ ಹೆಸರನ್ನು ನುಂಗುತ್ತದೆ. ಶಾಲೆಗಳು ನಿಯಮಕ್ಕೆ ಕೊಡುವ ಉಳಿದ ಕಾರಣಗಳು, ಅಂದರೆ ‘ಗಾಂಭೀರ್ಯ’, ‘ಶಿಸ್ತು’, ‘ಸಂಸ್ಥೆಯ ಘನತೆ’, ಇದರ ಮುಂದೆ ಜಳ್ಳು. ಗಾಂಭೀರ್ಯ ಯಾರದ್ದೋ ಅಭಿರುಚಿ. ಹೆಸರು ಕೇಳಿಸಿಕೊಳ್ಳುವುದು ಪ್ರತಿ ಮಗುವಿನ ಪಾಲು.

ಸಮಯದ ಕಾರಣವನ್ನೂ ಮುಂದಿಡುವುದುಂಟು. ಲೆಕ್ಕ ಹಾಕಿ ನೋಡಬಹುದು. ಇನ್ನೂರು ಮಕ್ಕಳು, ಒಬ್ಬೊಬ್ಬರಿಗೆ 12 ಸೆಕೆಂಡ್ ಎಂದರೆ 40 ನಿಮಿಷ. ಪ್ರತಿ ಹೆಸರಿಗೂ 8 ಸೆಕೆಂಡ್ ಕೇಕೆಗೆ ಬಿಟ್ಟುಕೊಟ್ಟರೆ ಇನ್ನೂ 27 ನಿಮಿಷ. ದೊಡ್ಡ ಹೊತ್ತೇ, ಆದರೆ ಅಸಾಧ್ಯವಾದದ್ದಲ್ಲ.

ನಿಯಮ ಮುರಿದಾಗಿನ ಶಿಕ್ಷೆಯಲ್ಲಿ ನ್ಯಾಯದ ನಿಜವಾದ ಪರೀಕ್ಷೆಯಿದೆ. ಅಮೆರಿಕದಲ್ಲಿ ಈ ಪ್ರಶ್ನೆ ಸುದ್ದಿಯಾದದ್ದು ಎರಡು ಪ್ರಕರಣಗಳಿಂದ. 2007ರಲ್ಲಿ ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್ ಪ್ರೌಢಶಾಲೆ, ಸಭಿಕರು ಕೇಕೆ ಹಾಕಿದರೆಂದು ಐವರು ವಿದ್ಯಾರ್ಥಿಗಳ ಪ್ರಮಾಣಪತ್ರವನ್ನು ತಡೆಹಿಡಿಯಿತು. ವಿದ್ಯಾರ್ಥಿ ಮತ್ತು ಪಾಲಕರಿಂದ ಮೊದಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದೇ ಶಾಲೆಯ ಸಮರ್ಥನೆ. ಕೂಗಿದವರು ಯಾರೋ, ಕಳೆದುಕೊಂಡವರು ಬೇರೆ ಯಾರೋ. ಅದರ ಮೇಲೆ ಶಿಕ್ಷೆ ಬಿದ್ದದ್ದು ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳಿಗೇ ಎಂಬ ಆಕ್ಷೇಪ ಎದ್ದಿತು. ಊರೆಲ್ಲ ಗದ್ದಲವಾದ ಮೇಲೆ ಪತ್ರಗಳು ಕೈಸೇರಿದವು. 2015ರಲ್ಲಿ ಮಿಸಿಸಿಪ್ಪಿಯ ಸೆನಟೋಬಿಯಾದಲ್ಲಿ ಇನ್ನೊಂದು ದಾರಿ ಹಿಡಿದರು: ಕೂಗಿದ ಬಂಧುಗಳ ಮೇಲೆಯೇ ಶಾಂತಿಭಂಗದ ದೂರು. ಅದನ್ನೂ ಕೊನೆಗೆ ಕೈಬಿಡಬೇಕಾಯಿತು. ಮೊದಲನೆಯದು ತಪ್ಪು ತಲೆಯ ಮೇಲೆ ಬಿದ್ದ ಶಿಕ್ಷೆ. ಎರಡನೆಯದು ಸರಿಯಾದ ತಲೆ, ಆದರೆ ನೊಣ ಹೊಡೆಯಲು ಒನಕೆ.

ಕರ್ನಾಟಕದಲ್ಲಿ ಮೊದಲ ಬಗೆಯ ಶಿಕ್ಷೆಗೆ ಕಾನೂನಿನ ನೆಲೆಯೇ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೊಡುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಶಾಲೆಯ ವೇದಿಕೆಯಲ್ಲಿ ಕೊಡುವುದು ನೆನಪಿನ ಕಾಗದ ಮಾತ್ರ. ಒಂದರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಅನ್ವಯಿಸುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯಷ್ಟೇ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅಜ್ಜಿ ಕೂಗಿದಳೆಂದು ಮೊಮ್ಮಗನನ್ನು ವೇದಿಕೆಯಿಂದ ಹಿಂದಕ್ಕೆ ಕಳಿಸುವುದು ಎರಡನೆಯದಕ್ಕೆ ಸೇರದೆ ಇನ್ನೇನಕ್ಕೆ ಸೇರೀತು? ಉನ್ನತ ಶಿಕ್ಷಣದಲ್ಲಿ ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರ ಅಕ್ಟೋಬರಿನಲ್ಲಿ ಅಧಿಸೂಚನೆಯನ್ನೇ ಹೊರಡಿಸಿದೆ. ಘಟಿಕೋತ್ಸವಕ್ಕೆ ಬಾರದವರಿಗೂ ಪದವಿ ಸಲ್ಲುತ್ತದೆ, ಪತ್ರ ಅಂಚೆಯಲ್ಲೋ ಡಿಜಿಲಾಕರ್‌ನಲ್ಲೋ ಸಿಗುತ್ತದೆ. ಪದವಿ ಓದಿನ ಗಳಿಕೆ, ಸಮಾರಂಭದ ದಾನವಲ್ಲ. ಕೂಗಿದವರ ಮೇಲೆ ಪೊಲೀಸು ದೂರು ಕೊಟ್ಟರೂ ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಂ ಹೇಳುವುದು ಗರಿಷ್ಠ 1,000 ರೂಪಾಯಿ ದಂಡ. ಅಂದರೆ ಶಾಲೆಯ ಕೈಯಲ್ಲಿ ಉಳಿಯುವ ನ್ಯಾಯವಾದ ಹತಾರ ಒಂದೇ: ಮೊದಲು ಮೈಕಿನಲ್ಲಿ ವಿನಂತಿ, ಕೇಳದಿದ್ದರೆ ಕೂಗಿದವರನ್ನೇ, ಬೇರೆ ಯಾರನ್ನೂ ಅಲ್ಲ, ಸ್ವಲ್ಪ ಹೊತ್ತು ಹೊರಗೆ ಕರೆದೊಯ್ಯುವುದು.

ನಿಯಮ ಎಲ್ಲರಿಗೂ ಒಂದೇ ಎಂದು ಬರೆದಿದ್ದರೂ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ಮುಂದಿನ ಸೋಫಾದಲ್ಲಿ ಕುಳಿತ ಗಣ್ಯರು ಫೋನಿನಲ್ಲಿ ಜೋರಾಗಿ ಮಾತಾಡಿದರೆ ಅದು ತುರ್ತು ಕೆಲಸ, ಹಿಂದಿನ ಕುರ್ಚಿಯವರು ಮಾತಾಡಿದರೆ ಗದ್ದಲ. ಚಪ್ಪಾಳೆ ಸಭ್ಯ, ಸೀಟಿ ಅಸಭ್ಯ; ಡೆಸಿಬಲ್ ಅಳೆದು ಇದನ್ನು ಯಾರೂ ತೀರ್ಮಾನಿಸಿದ್ದಲ್ಲ. ಚಿಕ್ಕ ಮಕ್ಕಳಿಗೆ ಪ್ರವೇಶವಿಲ್ಲ ಎಂಬ ಸಾಲು ಕಾಗದದ ಮೇಲೆ ಮಕ್ಕಳ ವಿರುದ್ಧ. ಬಾಗಿಲಲ್ಲಿ ಅದು ತಾಯಂದಿರ ವಿರುದ್ಧ, ಕೂಸನ್ನು ಬಿಟ್ಟು ಬರಲು ಮನೆಯಲ್ಲಿ ಆಳಿಲ್ಲದವರ ವಿರುದ್ಧ. ಇಬ್ಬರೇ ಎಂಬ ಮಿತಿ ಅಪ್ಪ, ಅಮ್ಮ, ಒಂದು ಮಗು ಎಂಬ ಕುಟುಂಬವನ್ನು ಕಣ್ಣಮುಂದಿಟ್ಟು ಬರೆದದ್ದು. ಹೊಲ ಅಡವಿಟ್ಟು ಓದಿಸಿದ ಕಾಕಾ, ಸಾಕಿದ ಆಯಿ ಅದರೊಳಗೆ ಹಿಡಿಸುವುದಿಲ್ಲ. ಸಭಾಂಗಣದಲ್ಲಿ ಜಾಗವೇ ಇಲ್ಲದಿದ್ದರೆ ಮಿತಿ ಅನಿವಾರ್ಯ. ಆಗಲೂ ‘ಇಬ್ಬರು ಪಾಲಕರು’ ಎನ್ನುವುದಕ್ಕಿಂತ ‘ವಿದ್ಯಾರ್ಥಿ ಆರಿಸಿದ ಇಬ್ಬರು’ ಎಂದು ಬರೆದರೆ ಅರ್ಧ ಅನ್ಯಾಯ ಕಳೆಯುತ್ತದೆ.

ಭಾಷೆಯ ಮಾತು ಬೇರೆ. ಸೂಚನೆಯ ಪುಟ ಇಂಗ್ಲಿಷಿನಲ್ಲಿ ಮಾತ್ರ ಅಚ್ಚಾದರೆ, ಮನೆಯಲ್ಲಿ ಕನ್ನಡ, ದಖ್ಖನಿ, ಮರಾಠಿ, ತೆಲುಗು, ಲಂಬಾಣಿ ಆಡುವ ಜಿಲ್ಲೆಯಲ್ಲಿ ಅದನ್ನು ಓದಿ ಮುರಿದವರಿಗಿಂತ ಓದದೆ ಮುರಿದವರೇ ಹೆಚ್ಚಿರುತ್ತಾರೆ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕತೆ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಬೀದರಿನ ರಂಗಮಂದಿರಕ್ಕೆ ಅವರದ್ದೇ ಹೆಸರು. ಅಂಥ ಊರಲ್ಲಿ ಫಲಕ ಕನ್ನಡದಲ್ಲಿದ್ದು ನಿಯಮ ಇಂಗ್ಲಿಷಿನಲ್ಲಿರುವುದು ಆ ಕತೆಯನ್ನು ತಿರುವುಮುರುವು ಮಾಡಿದಂತೆ. ತಿಳಿಸದ ನಿಯಮವನ್ನು ಮುರಿದದ್ದಕ್ಕೆ ಯಾರನ್ನೂ ಗದರುವಂತಿಲ್ಲ.

ಮೊಬೈಲ್ ನಿಷೇಧಕ್ಕೆ ಬೀದರಿನಲ್ಲಿ ಬೇರೆಯದೇ ಹಿನ್ನೆಲೆಯಿದೆ. 2020ರ ಜನವರಿಯಲ್ಲಿ ನಗರದ ಶಾಲೆಯೊಂದರಲ್ಲಿ ಮಕ್ಕಳು ಆಡಿದ, ಪೌರತ್ವ ಕಾಯ್ದೆ ಕುರಿತ ನಾಟಕದ ಮೇಲೆ ರಾಜದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯ ಶಿಕ್ಷಕಿಯೊಬ್ಬರು ಮತ್ತು ವಿದ್ಯಾರ್ಥಿನಿಯೊಬ್ಬಳ ತಾಯಿ ಜೈಲಿಗೆ ಹೋದರು. ಪೊಲೀಸರು ಮಕ್ಕಳನ್ನೇ ಮತ್ತೆ ಮತ್ತೆ ವಿಚಾರಿಸಿದರು. ಹೈಕೋರ್ಟಿನ ಕಲಬುರಗಿ ಪೀಠ 2023ರ ಜೂನ್‌ನಲ್ಲಿ ಪ್ರಕರಣವನ್ನು ರದ್ದು ಮಾಡಿತು. ನಾಟಕ ನಡೆದದ್ದು ಶಾಲೆಯ ಆವರಣದೊಳಗೆ, ಹೊರಗಿನವರಿಗೆ ಅದು ತಿಳಿದದ್ದು ವಿಡಿಯೋ ಫೇಸ್‌ಬುಕ್ಕಿಗೆ ಏರಿದ ಮೇಲೆ ಎಂಬುದು ಆ ತೀರ್ಪಿನಲ್ಲಿ ಮುಖ್ಯವಾಗಿ ಬಂದ ಸಂಗತಿ. ಅಲ್ಲಿಂದೀಚೆಗೆ ಶಾಲೆಯ ಕಾರ್ಯಕ್ರಮದಲ್ಲಿ ಸಭಿಕರ ಕೈಯಲ್ಲಿರುವ ಫೋನು ಬರೀ ಅಡಚಣೆಯ ವಸ್ತುವಾಗಿ ಉಳಿದಿಲ್ಲ. ಆದರೆ ಇದಕ್ಕೆ ಮದ್ದು ಎಲ್ಲರ ಫೋನನ್ನೂ ಗೇಟಿನಲ್ಲಿ ಕಿತ್ತುಕೊಳ್ಳುವುದಲ್ಲ. ತನ್ನ ಮಗುವಿನ ಒಂದು ಫೋಟೋ ತೆಗೆಯುವ ಆಸೆ ನ್ಯಾಯವಾದದ್ದೇ. ಬೇರೆಯವರ ಮಕ್ಕಳನ್ನು ಚಿತ್ರೀಕರಿಸಿ ಜಾಲತಾಣಕ್ಕೆ ಹಾಕುವುದನ್ನು, ಎದ್ದು ನಿಂತು ಹಿಂದಿನವರ ನೋಟಕ್ಕೆ ಅಡ್ಡ ಬರುವುದನ್ನು ತಡೆದರೆ ಸಾಕು. ವೇದಿಕೆಯ ಪಕ್ಕ ಒಂದು ಜಾಗ ಗುರುತಿಸಿ, ಹೆಸರು ಬಂದಾಗ ಆ ಮಗುವಿನ ಮನೆಯವರೊಬ್ಬರು ಅಲ್ಲಿಗೆ ಬಂದು ಫೋಟೋ ತೆಗೆದು ಹೋಗುವ ಏರ್ಪಾಡು ಮಾಡಿದರೆ ನುಗ್ಗಾಟ ತಾನಾಗಿ ನಿಲ್ಲುತ್ತದೆ.

ರಾಷ್ಟ್ರಗೀತೆಗೆ ಎದ್ದು ನಿಲ್ಲುವ ವಿಷಯದಲ್ಲಿ ತಕರಾರು ಕಡಿಮೆ. ಹಾಡಲೇಬೇಕೆ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟು 1986ರಲ್ಲೇ ಉತ್ತರಿಸಿದೆ: ಕೇರಳದ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ, ಗೌರವದಿಂದ ಎದ್ದು ನಿಂತು ತಮ್ಮ ಧರ್ಮಶ್ರದ್ಧೆಯ ಕಾರಣಕ್ಕೆ ಹಾಡದೆ ಉಳಿದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ತೀರ್ಪಾಯಿತು. ನಾಡಗೀತೆಯ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ರಾಜ್ಯ ಸರ್ಕಾರ 2022ರಲ್ಲಿ ಗೊತ್ತುಪಡಿಸಿದೆ. ಅಷ್ಟು ಹೊತ್ತು ನಿಲ್ಲಲಾಗದ ಮುದುಕರಿಗೆ, ಅಂಗವಿಕಲರಿಗೆ ಕುಳಿತೇ ಇರಲು ಬಿಡುವುದು ಯಾವ ಸುತ್ತೋಲೆಯಲ್ಲಿ ಬರೆಯದಿದ್ದರೂ ಮನುಷ್ಯರಿಗೆ ಹೊಳೆಯಬೇಕಾದ ಮಾತು.

ಸಭಿಕರ ಗದ್ದಲ ಸಂತೋಷದ್ದಲ್ಲದೆ ಪ್ರತಿಭಟನೆಯದ್ದಾದಾಗ ವಿಷಯ ಗಂಭೀರವಾಗುತ್ತದೆ. ಘಟಿಕೋತ್ಸವದ ಸಭಾಂಗಣ ಎಂದೂ ಬರೀ ಪೂಜೆಯ ಮನೆಯಾಗಿರಲಿಲ್ಲ: 1932ರ ಫೆಬ್ರವರಿ 6ರಂದು ಕಲ್ಕತ್ತ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಬೀನಾ ದಾಸ್ ಬಂಗಾಳದ ಗವರ್ನರ್ ಸ್ಟ್ಯಾನ್ಲಿ ಜಾಕ್ಸನ್ ಮೇಲೆ ಗುಂಡು ಹಾರಿಸಿದರು. ಗಣ್ಯರು ಬರುವ ಸಭೆಯಲ್ಲಿ ತಪಾಸಣೆ ಬೇಡ ಎನ್ನಲು ಯಾರಿಗೂ ಸಾಧ್ಯವಿಲ್ಲ. ಆದರೆ ಭದ್ರತೆಯ ಹೆಸರಿನಲ್ಲಿ ಬಾಯಿ ಕಟ್ಟುವುದೂ ಈ ಭಾಗಕ್ಕೆ ಹೊಸದಲ್ಲ. ಹೈದರಾಬಾದ್ ಸಂಸ್ಥಾನದ 1929ರ ‘ಗಸ್ತಿ ನಿಶಾನ್ 53’ ಅನುಮತಿಯಿಲ್ಲದೆ ಸಾರ್ವಜನಿಕ ಸಭೆ ನಡೆಸದಂತೆ ಕಟ್ಟು ಹಾಕಿತ್ತು. 1938ರಲ್ಲಿ ಉಸ್ಮಾನಿಯಾದ ಹಾಸ್ಟೆಲುಗಳಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಅವರಲ್ಲಿ ಹಲವರನ್ನು ನಾಗಪುರ ವಿಶ್ವವಿದ್ಯಾಲಯ ಸೇರಿಸಿಕೊಂಡಿತು, ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹ ರಾವ್ ಆ ಸಾಲಿನವರು. ಅಂದು ಶಿಸ್ತಿನ ಉಲ್ಲಂಘನೆ ಎನಿಸಿದ ಹಾಡು ಇಂದು ಅದೇ ಬಗೆಯ ಸಭಾಂಗಣಗಳಲ್ಲಿ ಕಾರ್ಯಕ್ರಮ ಪಟ್ಟಿಯ ಮೊದಲ ಸಾಲು.

ಇತ್ತೀಚಿನ ಉದಾಹರಣೆಗಳೂ ಇವೆ. 2019ರ ಡಿಸೆಂಬರಿನಲ್ಲಿ ಪುದುಚೇರಿ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ರಾಷ್ಟ್ರಪತಿ ಬಂದಿದ್ದಾಗ ಪದಕ ವಿಜೇತೆಯೊಬ್ಬರನ್ನು ಸಭಾಂಗಣದ ಹೊರಗೆ ಇರಿಸಲಾಯಿತು. ಆಮೇಲೆ ಒಳಗೆ ಬಂದ ಅವರು ಪದವಿ ಪತ್ರ ಮಾತ್ರ ಪಡೆದು ಚಿನ್ನದ ಪದಕ ಬೇಡವೆಂದರು. 2023ರ ಜೂನ್‌ನಲ್ಲಿ ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯ, ರಾಜ್ಯಪಾಲರು ಬರುವ ಘಟಿಕೋತ್ಸವಕ್ಕೆ ಯಾರೂ ಕಪ್ಪು ಬಟ್ಟೆ ತೊಟ್ಟು ಬರಬಾರದೆಂದು ಸುತ್ತೋಲೆ ಹೊರಡಿಸಿ, ಟೀಕೆ ಬಂದ ಮೇಲೆ ಹಿಂತೆಗೆದುಕೊಂಡಿತು. ಪೆರಿಯಾರ್ ಹೆಸರಿನ ಸಂಸ್ಥೆಯಲ್ಲಿ ಕಪ್ಪಿಗೆ ಹೆದರಿದ್ದು ತಮಾಷೆಯೇ. 2025ರ ಆಗಸ್ಟ್‌ನಲ್ಲಿ ತಿರುನಲ್ವೇಲಿಯ ಮನೋನ್ಮಣಿಯಂ ಸುಂದರನಾರ್ ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬರು ವೇದಿಕೆಯಲ್ಲಿ ರಾಜ್ಯಪಾಲರನ್ನು ದಾಟಿ ಹೋಗಿ ಕುಲಪತಿಯ ಕೈಯಿಂದ ಪದವಿ ಪಡೆದರು. ಸಭೆ ನಿಲ್ಲಲಿಲ್ಲ, ಮುಂದಿನ ಹೆಸರು ಕೂಗುವುದೂ ತಪ್ಪಲಿಲ್ಲ. ಮೇಲೆ ಹೇಳಿದ ಒರೆಗಲ್ಲಿಗೇ ಹಚ್ಚಿದರೆ ಈ ಮೂರು ಪ್ರಸಂಗಗಳಲ್ಲಿ ಇನ್ನೊಬ್ಬರ ಹೆಸರನ್ನು ನುಂಗಿದವರು ಯಾರೂ ಇಲ್ಲ. ಬಟ್ಟೆಯ ಬಣ್ಣ, ಮೌನ, ಕೈ ಚಾಚದಿರುವುದು, ಇವಾವುವೂ ಗದ್ದಲವಲ್ಲ. ಸಭೆಯನ್ನೇ ನಿಲ್ಲಿಸುವ ಘೋಷಣೆ ಗದ್ದಲ.

ಸಭಿಕರ ನಡತೆಯ ಬಗ್ಗೆ ಇಷ್ಟೆಲ್ಲ ಬರೆಯುವ ಸಂಸ್ಥೆಗಳು ವೇದಿಕೆಯ ನಡತೆಯ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ. ಹನ್ನೊಂದಕ್ಕೆ ಎಂದು ಅಚ್ಚು ಹಾಕಿದ ಕಾರ್ಯಕ್ರಮ ಉದ್ಘಾಟಕರು ಬಾರದೆ ಒಂದಕ್ಕೆ ಶುರುವಾಗುತ್ತದೆ. ಬಿಸಿಲಿನಲ್ಲಿ ಶಾಮಿಯಾನದಡಿ ಅರ್ಧ ಗಂಟೆ ಮೊದಲೇ ಬಂದು ಕುಳಿತವರು ನಿಯಮ ಪಾಲಿಸಿದವರು. ವೇದಿಕೆಯ ಮೇಲೆ ಹದಿನೈದು ಮಂದಿ. ಒಬ್ಬೊಬ್ಬರಿಗೆ ಹಾರ, ಶಾಲು, ಬಿದರಿ ಕುಸುರಿಯ ನೆನಪಿನ ಕಾಣಿಕೆ, ಫೋಟೋ: ತಲಾ 40 ಸೆಕೆಂಡ್ ಹಿಡಿದರೂ ಹತ್ತು ನಿಮಿಷ. ಒಬ್ಬೊಬ್ಬರೂ ‘ಎರಡೇ ಮಾತು’ ಎಂದು ಐದು ನಿಮಿಷ ಮಾತಾಡಿದರೆ ಎಪ್ಪತ್ತೈದು. ಮಕ್ಕಳ ಹೆಸರಿಗೆ ಬೀಳುವ ಕೇಕೆಗೆ ಬೇಕಾದ 27 ನಿಮಿಷ ಇದರ ಮುಂದೆ ಏನೂ ಅಲ್ಲ. ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು ಬಿಟ್ಟು ಕನ್ನಡ ಪುಸ್ತಕ ಕೊಡಬೇಕೆಂದು ರಾಜ್ಯ ಸರ್ಕಾರ 2021ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿತ್ತು. ಹಾರ ಹೋದ ಕಡೆ ಪುಸ್ತಕ ಬಂದೀತು, ಸಾಲಾಗಿ ನಿಂತು ಕೊಡುವ ಹೊತ್ತು ಮಾತ್ರ ಅಷ್ಟೇ. ಎಷ್ಟೋ ಸಮಾರಂಭಗಳಲ್ಲಿ ಹೊತ್ತು ಮೀರಿತೆಂದು ಕೊನೆಗೆ ಕತ್ತರಿ ಬೀಳುವುದು ಮಕ್ಕಳ ಹೆಸರಿಗೇ: ‘ಉಳಿದವರು ಆಫೀಸಿನಲ್ಲಿ ತೆಗೆದುಕೊಳ್ಳಿ.’ ಸೀಟಿ ಹೊಡೆದವನು ಒಂದು ಹೆಸರನ್ನು ಮುಳುಗಿಸಿದ, ಭಾಷಣಕಾರರು ಐವತ್ತನ್ನು. ವೇದಿಕೆಗೂ ಅದೇ ಗಡಿಯಾರ ಹಿಡಿಯದ ಶಾಲೆಗೆ ಸಭಿಕರಿಗೆ ನಿಯಮ ಬರೆಯುವ ನೈತಿಕ ಹಕ್ಕು ತೆಳ್ಳಗಾಗುತ್ತದೆ.

ಜಗಳವಿಲ್ಲದೆ ನಡೆಸುವ ದಾರಿಗಳು ಬೇಕಾದಷ್ಟಿವೆ. ಹತ್ತು ಹೆಸರು ಓದಿ, ಹತ್ತೂ ಮಕ್ಕಳು ಸಾಲಾಗಿ ನಿಂತ ಮೇಲೆ ಅರ್ಧ ನಿಮಿಷ ಸಭೆಯನ್ನು ಕೂಗಲು ಬಿಡುವುದು ಒಂದು. ಹೆಸರು ಓದಿದ ಮೇಲೆ ನಿರೂಪಕರು ಐದು ಸೆಕೆಂಡ್ ತಡೆದು, ಸದ್ದು ಇಳಿದ ಮೇಲೆಯೇ ಮುಂದಿನದಕ್ಕೆ ಹೋಗುವುದು ಇನ್ನೊಂದು. ಇದಕ್ಕೆ ಬೇಕಾದದ್ದು ನಿಯಮವಲ್ಲ, ನಿರೂಪಕರಿಗೆ ಒಂದು ದಿನದ ತಾಲೀಮು. ಬೀದರಿನ ಚಿದ್ರಿಯ ಮಗ್ಗುಲಲ್ಲೇ ವಾಯುಪಡೆಯ ತರಬೇತಿ ನೆಲೆಯಿದೆ. ತರಬೇತಿಯ ವಿಮಾನ ತಲೆಯ ಮೇಲೆ ಹಾದಾಗ ಎಂಥ ಭಾಷಣಕಾರರೂ ತಡೆದು ನಿಂತು ಮತ್ತೆ ಶುರುಮಾಡಬೇಕಾಗುತ್ತದೆ. ವಿಮಾನಕ್ಕೆ ಕೊಡುವ ಆ ಬಿಡುವನ್ನು ಒಬ್ಬ ಅಜ್ಜಿಗೆ ಕೊಡಲಾಗದ್ದೇನಲ್ಲ. ಶಿಸ್ತಿಗೆ ಹೆಸರಾದ ಸೇನೆಯಲ್ಲೂ ಮನೆಯವರನ್ನು ದೂರ ಇಟ್ಟಿಲ್ಲ: ಡೆಹರಾಡೂನಿನ ಸೇನಾ ಅಕಾಡೆಮಿಯಲ್ಲಿ ಕವಾಯತು ಮುಗಿದ ಮೇಲೆ ಹೊಸ ಅಧಿಕಾರಿಯ ಹೆಗಲಿಗೆ ನಕ್ಷತ್ರ ಚುಚ್ಚುವವರು ತಂದೆತಾಯಿಯೇ. ಕವಾಯತಿನ ಹೊತ್ತಿನಲ್ಲಿ ಶಿಸ್ತು, ಆಮೇಲೆ ಸಡಗರ. ಗದ್ದಲ ತಾಳದ ಮಕ್ಕಳೂ ಕಿವಿ ಕೇಳದ ಮಕ್ಕಳೂ ಇರುವ ಶಾಲೆಗಳಲ್ಲಿ ಎರಡೂ ಕೈ ಎತ್ತಿ ಅಲ್ಲಾಡಿಸುವ, ಕಿವುಡರ ಲೋಕದ ಚಪ್ಪಾಳೆಯನ್ನು ರೂಢಿಸಬಹುದು. ಒಂದಿಡೀ ಸಭೆ ಹಾಗೆ ಕೈಯಾಡಿಸಿದಾಗ ಗಾಳಿಗೆ ಜೋಳದ ಹೊಲ ತೂಗಿದಂತೆ ಕಾಣುತ್ತದೆ.

ನಿಯಮ ಬರೆಯುವವರು ಯಾರು ಎಂಬುದು ಉಳಿದ ಮಾತು. ಸರ್ಕಾರಿ ಶಾಲೆಗಳಲ್ಲಿ ಪಾಲಕರೇ ಹೆಚ್ಚಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಸಭಿಕರ ನಿಯಮ ಅದರ ಮುಂದೆ ಬಂದು, ಕಾರ್ಯಕ್ರಮಕ್ಕೆ ಕೆಲವು ವಾರ ಮೊದಲು ಮಕ್ಕಳ ಕೈಯಲ್ಲಿ ಮನೆಗೆ ಹೋದರೆ, ಅದು ಮುಖ್ಯೋಪಾಧ್ಯಾಯರ ಆಜ್ಞೆಯಾಗದೆ ಊರಿನ ಒಪ್ಪಂದವಾಗುತ್ತದೆ. ಖಾಸಗಿ ಶಾಲೆಗಳಿಗೂ ಪಾಲಕರ ಸಭೆ ಹೊಸದಲ್ಲ. ಅಲ್ಲಿ ಚರ್ಚೆ ಸಾಮಾನ್ಯವಾಗಿ ಫೀಸಿನಲ್ಲೇ ಮುಗಿಯುತ್ತದೆ ಅಷ್ಟೇ.

ಹಲಗಿ, ಪಟಾಕಿ ಇಷ್ಟವಾದವರಿಗೆ ಕಾನೂನಿನ ಕಟ್ಟು ಶಾಲೆಯ ಗೇಟಿನಾಚೆಗೂ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಶಿಕ್ಷಣ ಸಂಸ್ಥೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. ಅಲ್ಲಿ ಹಗಲಿನ ಮಿತಿ 50 ಡೆಸಿಬಲ್, ಡೋಲು ಬಾರಿಸುವುದಕ್ಕೂ ಪಟಾಕಿಗೂ ತಡೆ. ಆ ಲೆಕ್ಕದಲ್ಲಿ ನೋಡಿದರೆ ಸ್ವಾಗತ ಭಾಷಣಕ್ಕೆ ಶಾಲೆಯೇ ಕಟ್ಟಿದ ನಾಲ್ಕು ದೊಡ್ಡ ಸ್ಪೀಕರುಗಳೂ ಮಿತಿಯೊಳಗೆ ಉಳಿಯುವುದಿಲ್ಲ. ಹಲಗಿಯವರು ನೂರು ಮೀಟರ್ ದೂರದ ತಿರುವಿನಲ್ಲಿ ಕಾದಿರುತ್ತಾರೆ, ಹುಡುಗ ಗೇಟು ದಾಟಿ ಬರುವ ತನಕ.